ಉಂಗುರ ಅಂದ್ರ ಅಣುಬಾಂಬ್ ಏನ್ರಿ? ಫ್ಯಾಂಟಸಿ ಕಥಿಯೊಳಗಿನ ಒಳಾರ್ಥ ತೂಗೋದು ಹೆಂಗ?

ಪ್ರಶ್ನೆ (ವಿಜಯಪುರ)
ನಮಸ್ಕಾರ್ರಿ. ಬರೋ ಭಾನುವಾರ ಇಲ್ಲಿ ಓದುಗರ ಕೂಟದಾಗ ಟೋಲ್ಕಿನ್ನರ 'ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿ ಮ್ಯಾಲ ಚರ್ಚಾ ಅದ. ಸೌರಾನ್ ಅನ್ನೋ ದುಷ್ಟ ದೊರಿ ಮಾಡಿದ ಉಂಗುರಾನ ಬೆಂಕಿಬೆಟ್ಟದಾಗ ನಾಶ ಮಾಡಾಕ ಹೊಂಟವರ ಕಥಿ ಅದು. ಅರ್ಧ ಮಂದಿ "ಉಂಗುರ ಅಂದ್ರ ಅಣುಬಾಂಬ್, ಸೌರಾನ್ ಅಂದ್ರ ಹಿಟ್ಲರ್" ಅಂತಾರ. ಉಳಿದವರು "ಟೋಲ್ಕಿನ್ನರೇ ಅಲ್ಲ ಅಂದಾರ, ಮಾತು ಮುಗೀತು" ಅಂತಾರ. ಬರದವ್ರು ಅಲ್ಲ ಅಂದಕೂಡ್ಲೇ ಒಳಾರ್ಥ ಇಲ್ಲಂತ ಆಗ್ತದೇನ್ರಿ? ಯಾವ ಅರ್ಥ ನಿಲ್ತದ, ಯಾವುದು ಬೀಳ್ತದ ಅಂತ ನೋಡೋ ಹಾದಿ ತಿಳಿಸ್ರಿ.

ಉತ್ತರ 1 (ಬೆಳಗಾವಿ)
ಮೊದಲು ತಾರೀಖು ಹಚ್ಚಿ ನೋಡ್ರಿ, ಅರ್ಧ ಜಗಳ ಅಲ್ಲೇ ಹರಿಯುತ್ತದೆ. ಕಾದಂಬರಿ ಬರೆಯಲು ಕೂತದ್ದು 1937ರ ಡಿಸೆಂಬರ್‌ನಲ್ಲಿ, ಬರೆದು ಮುಗಿಸಿದ್ದು 1949ರಲ್ಲಿ, ಅಚ್ಚಾದದ್ದು 1954-55ರಲ್ಲಿ. ಉಂಗುರದ ಗುಟ್ಟನ್ನು ಮಾಂತ್ರಿಕ ಗ್ಯಾಂಡಾಲ್ಫ್ ಬಿಚ್ಚಿ ಹೇಳುವ ಎರಡನೆಯ ಅಧ್ಯಾಯ ಅದರ ಅತಿ ಹಳೆಯ ಭಾಗಗಳಲ್ಲಿ ಒಂದು, ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನದು. ಹಿರೋಶಿಮಾ ಆದದ್ದು 1945ರ ಆಗಸ್ಟ್‌ನಲ್ಲಿ. ಉಂಗುರ ಬಾಂಬಿಗಿಂತ ಹಿರಿಯದು.

ಎರಡನೆಯದು, ಹೋಲಿಕೆಯನ್ನು ನಡುವೆ ಬಿಡದೆ ಕೊನೆತನಕ ಓಡಿಸಬೇಕು. ಬಾಂಬನ್ನು ಮಾಡಿದವರೇ ಶತ್ರುವಿನ ಮೇಲೆ ಹಾಕಿದರು. ಇಲ್ಲಿ ಮಾಡಿದವ ಸೌರಾನ್, ಕೈಗೆ ಸಿಕ್ಕವರು ಅದನ್ನು ಬಳಸಲು ಒಲ್ಲೆ ಎಂದು ಬೆಂಕಿಬೆಟ್ಟಕ್ಕೆ ಹೊತ್ತು ನಡೆಯುತ್ತಾರೆ. ಕಥೆಯ ಬೆನ್ನೆಲುಬೇ ಹೊಂದುವುದಿಲ್ಲ. ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ ಹೇಳುವುದೂ ಇದನ್ನೇ: ನಿಜವಾದ ಯುದ್ಧವೇ ಕಥೆಗೆ ಮಾದರಿಯಾಗಿದ್ದರೆ ಉಂಗುರವನ್ನು ಸೌರಾನ್ ವಿರುದ್ಧ ಬಳಸುತ್ತಿದ್ದರು, ಅವನ ಕೋಟೆಯನ್ನು ಕೆಡವದೆ ವಶಮಾಡಿಕೊಳ್ಳುತ್ತಿದ್ದರು.

ಅದೇ ಮುನ್ನುಡಿಯಲ್ಲಿ ಅವರು ಎರಡನ್ನು ಬೇರೆ ಮಾಡುತ್ತಾರೆ. ಒಂದನ್ನು ಹೇಳಿ ಇನ್ನೊಂದನ್ನೇ ಸೂಚಿಸುವ ಅನ್ಯೋಕ್ತಿಯಲ್ಲಿ ಹಿಡಿತ ಬರೆದವನ ಕೈಯಲ್ಲಿ; ಕಥೆಯನ್ನು ತನ್ನ ಅನುಭವಕ್ಕೆ ಹೊಂದಿಸಿಕೊಳ್ಳುವ ಅನ್ವಯದಲ್ಲಿ ಓದುವವನಿಗೆ ಸ್ವಾತಂತ್ರ್ಯ. ಓದುವಾಗ ಬಾಂಬು ನೆನಪಾಯಿತು ಅನ್ನುವವರದು ತಪ್ಪಲ್ಲ. "ಅವರು ಅಲ್ಲಿ ಬಾಂಬನ್ನೇ ಅಡಗಿಸಿಟ್ಟಿದ್ದಾರೆ" ಅನ್ನುವವರು ಮಾತ್ರ ಪುರಾವೆ ತರಬೇಕು.

ಉತ್ತರ 2 (ಜಮಖಂಡಿ)
ತಾರೀಖಿನ ಮಾತು ಖರೆ. ಆದರ ಮುನ್ನುಡಿ ಅಂದ್ರ ತೀರ್ಪಲ್ಲ, ಸಾಕ್ಷಿ. ಯಾವಾಗ ಹೇಳಿದ್ರು, ಯಾರಿಗೆ ಹೇಳಿದ್ರು ಅಂತ ಕೇಳಬೇಕು. 1953ರ ಡಿಸೆಂಬರ್‌ನ್ಯಾಗ ಪಾದ್ರಿ ಗೆಳೆಯನಿಗೆ ಬರದ ಕಾಗದದಾಗ ಇದೇ ಟೋಲ್ಕಿನ್ "ಇದು ಮೂಲದಾಗ ಧಾರ್ಮಿಕ, ಕ್ಯಾಥೊಲಿಕ್ ಕೃತಿ, ಮೊದಲು ನನಗ ಅರಿವಿಲ್ಲದ, ತಿದ್ದೋ ಮುಂದ ಅರಿವಿದ್ದು" ಅನ್ನೋ ಅರ್ಥದ ಮಾತು ಆಡ್ಯಾರ. ಅಂದ್ರ ಉದ್ದೇಶ ಅನ್ನೋದು ಬರಿಯೋಕಿಂತ ಮೊದಲ ಜೇಬಿನಾಗ ಇಟ್ಟುಕೊಂಡ ಚೀಟಿ ಅಲ್ರಿ. ಬರಕೋತ, ತಿದ್ದಕೋತ ಹುಟ್ಟತೈತಿ.

ಇದಕ್ಕ ಗಟ್ಟಿ ಉದಾಹರಣೆ ಇದಕ್ಕಿಂತ ಮೊದಲ ಟೋಲ್ಕಿನ್ ಬರದ 'ಹಾಬಿಟ್'ದ ಐದನೇ ಅಧ್ಯಾಯ, ನಾಯಕ ಬಿಲ್ಬೋಗೂ ಗವಿಯೊಳಗಿನ ಜೀವಿ ಗಾಲಮ್‌ಗೂ ನಡಿಯೋ ಒಗಟಿನ ಪಂದ್ಯ. 1937ರ ಮೊದಲನೇ ಆವೃತ್ತಿಯೊಳಗ ಗಾಲಮ್ ಉಂಗುರಾನ ಪಣಕ್ಕಿಡತಾನ. ಸೋತ ಮ್ಯಾಲ ಕೊಡಾಕ ಹುಡುಕತಾನ, ಸಿಗಂಗಿಲ್ಲ, ಬಿಲ್ಬೋನ ಕ್ಷಮಾ ಕೇಳತಾನ. ಆಗ ಅದು ಹಾಕ್ಕೊಂಡವರು ಕಾಣಧಂಗಾಗೋ ಉಂಗುರ, ಅಷ್ಟ. ಮುಂದಿನ ಕಾದಂಬರಿಯೊಳಗ ಅದು ಮನುಷ್ಯಾನ್ನ ನುಂಗೋ ಉಂಗುರ ಆದಮ್ಯಾಲ, ಅಂಥಾದ್ದನ್ನ ಯಾರರ ಬಿಟ್ಟುಕೊಟ್ಟಾರೇನು? ಅದಕ್ಕ 1951ರ ಆವೃತ್ತಿಯೊಳಗ ಆ ಅಧ್ಯಾಯ ತಿದ್ದಿದ್ರು: ಸೋತ್ರ ಹಾದಿ ತೋರಸೂದು ಪಣ, ಉಂಗುರ ಹೋಗಿದ್ದು ಗೊತ್ತಾದಕೂಡ್ಲೇ ಗಾಲಮ್ "ಕಳ್ಳ" ಅಂತ ಕಿರಚತಾನ. ಎರಡೂ ಪಾಠ ಮುಂದಿಟ್ಟು ಓದಸ್ರಿ. ಹತ್ತು ಮುನ್ನುಡಿಗಿಂತ ಅದು ಹೆಚ್ಚು ಹೇಳತೈತಿ.

ಉತ್ತರ 3 (ಹುಕ್ಕೇರಿ)
ನಮ್ಮಲ್ಲೇ ಇರುವ ಅಳತೆಗೋಲನ್ನು ಯಾಕೆ ಬಿಡಬೇಕು? ಒಗಟಿನಂತೆ ಅರ್ಥ ಮುಚ್ಚಿಟ್ಟ ಬೆಡಗು ಬೇರೆ, ಮಾತಿನಾಚೆ ಹೊಳೆಯುವ ಧ್ವನಿ ಬೇರೆ. ಬೆಡಗಿಗೆ ಬೀಗದಕೈ ಇರುತ್ತದೆ. ಶರೀಫಜ್ಜನ ಪದದಲ್ಲಿ ಕೋಳಿ ಕೋಡಗನ್ನ ನುಂಗುತ್ತದೆ, ಒಂದರ ಮೇಲೊಂದು ಆಗದ ಮಾತು ಬರುತ್ತವೆ. ಕೊನೆಗೆ ಗುರುವಿನ ಪಾದ ನನ್ನನ್ನೇ ನುಂಗಿತು ಎಂದಾಗ ಹಿಂದಿನ ಸಾಲುಗಳೆಲ್ಲ ತೆರೆದುಕೊಳ್ಳುತ್ತವೆ. ಕೈ ಪದದೊಳಗೇ ಇದೆ. ಧ್ವನಿಗೆ ಹಾಗೆ ಕೈ ಇಲ್ಲ. ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಅದನ್ನು ಗಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನಕ್ಕೆ ಹೋಲಿಸಿದ. ಅನುರಣನಕ್ಕೂ ಗಂಟೆ ಬೇಕು, ಧ್ವನಿಗೂ ವಾಚ್ಯಾರ್ಥದ, ಅಂದರೆ ನೇರ ಮಾತಿನ ಅರ್ಥದ, ಆಸರೆ ಬೇಕು.

ತಪ್ಪಾಗುವುದು ಧ್ವನಿಯನ್ನು ಬೆಡಗು ಅಂತ ಓದಿದಾಗ. 'ಓಜ್‌ನ ಮಾಂತ್ರಿಕ' ಬಂದದ್ದು 1900ರಲ್ಲಿ. ಮಕ್ಕಳ ಸಂತೋಷಕ್ಕಾಗಿಯೇ ಬರೆದದ್ದು ಎಂದು ಲೇಖಕ ಬಾಮ್ ಮುನ್ನುಡಿಯಲ್ಲಿ ಹೇಳಿದ್ದರು. 1964ರಲ್ಲಿ ಲಿಟಲ್‌ಫೀಲ್ಡ್ ಎಂಬ ಶಾಲಾ ಶಿಕ್ಷಕರು ಅದಕ್ಕೆ ಅಮೆರಿಕದ ರೈತ ಚಳವಳಿಯ ಬೀಗದಕೈ ಹಾಕಿದರು: ಹಳದಿ ಇಟ್ಟಿಗೆಯ ದಾರಿ ಚಿನ್ನದ ನಾಣ್ಯಪದ್ಧತಿ, ಕಥಾನಾಯಕಿ ಹುಡುಗಿಯ ಬೆಳ್ಳಿ ಬೂಟು ಆ ಚಳವಳಿಯ ಬೆಳ್ಳಿ ನಾಣ್ಯದ ಬೇಡಿಕೆ, ಬೆದರುಬೊಂಬೆ ರೈತ. ಬೂಟು ಬೆಳ್ಳಿಯದೇ ಹೌದು (ಕೆಂಪು ಮಾಡಿದ್ದು 1939ರ ಸಿನಿಮಾ), ಅಷ್ಟರಮಟ್ಟಿಗೆ ಚಂದ ಕೂಡುತ್ತದೆ. ಆದರೆ ಬಾಮ್ ಆ ಚಳವಳಿಯ ಬೆಂಬಲಿಗ ಅನ್ನಲು ಆಧಾರವಿಲ್ಲವೆಂದು ಮುಂದೆ ಲಿಟಲ್‌ಫೀಲ್ಡ್ ಅವರೇ ಒಪ್ಪಿಕೊಂಡರು. ಪಾಠ ಮಾಡಲು ಒಳ್ಳೆಯ ಸಾಧನ, ಲೇಖಕನ ಗುಟ್ಟಲ್ಲ.

ಭಾನುವಾರಕ್ಕೆ ಒಂದು ಕೆಲಸ ಮಾಡ್ರಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಕೂಡುವ ಹೋಲಿಕೆ, ಬಲಕ್ಕೆ ಕೂಡದ್ದು ಬರೆಸ್ರಿ. ಬಲಭಾಗ ತುಂಬದೆ ಯಾರಿಗೂ ಮಾತಾಡಲು ಕೊಡಬೇಡ್ರಿ. ಎಡಭಾಗ ಯಾರಾದರೂ ತುಂಬುತ್ತಾರೆ.

ಪ್ರಶ್ನೆ ಕೇಳಿದವರು (ವಿಜಯಪುರ)
ಭಾಳ ಉಪಕಾರ ಆತ್ರಿ. ಇನ್ನೊಂದು: ಸಿ. ಎಸ್. ಲೂಯಿಸ್ ಬರದ ನಾರ್ನಿಯಾ ಕಥಿಯ ಸಿಂಹ ಅಸ್ಲಾನ್? ಅವನನ್ನ ಕ್ರಿಸ್ತ ಅಂತಾರಲ್ಲ. ಅದಂತೂ ಬೆಡಗೇ ಅಲ್ಲೇನ್ರಿ?

ಉತ್ತರ 3 (ಹುಕ್ಕೇರಿ)
ಪೂರ್ತಿ ಅಲ್ಲ. ಲೂಯಿಸ್ 1958ರ ಕಾಗದವೊಂದರಲ್ಲಿ ಅದನ್ನು ಊಹೆ ಅಂತ ಕರೆದರು: ಅಂಥ ಲೋಕವೊಂದಿದ್ದು, ಕ್ರಿಸ್ತ ಅಲ್ಲಿ ಅವತರಿಸಿದರೆ ಹೇಗಿದ್ದಾನು? ಅಸ್ಲಾನ್ ಕ್ರಿಸ್ತನಿಗೆ ಬದಲಿಯಾಗಿ ನಿಂತ ಗುರುತಲ್ಲ, ಆ ಲೋಕದಲ್ಲಿ ಅವನೇ. ಕಥೆ ಹುಟ್ಟಿದ್ದೂ ಸಿಂಹದಿಂದಲ್ಲ; ಹಿಮದ ಕಾಡಿನಲ್ಲಿ ಕೊಡೆ ಹಿಡಿದು ನಡೆಯುವ ಆಡುಗಾಲಿನ ಮನುಷ್ಯನ ಚಿತ್ರದಿಂದ. ಸಿಂಹ ಬಂದದ್ದು ಆಮೇಲೆ.