ಅಪ್‌ಡೇಟ್: ತೆರೆದ ಪಾರ್ಕಿಂಗ್ ಜಾಗ ಯಾರದ್ದು?

ಹಿಂದೆ ಕೇಳಿದ್ದು ಇಷ್ಟು: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಿಲ್ಡರ್ ದುಡ್ಡು ಪಡೆದು ಕೊಟ್ಟ ತೆರೆದ ಪಾರ್ಕಿಂಗಿನಲ್ಲಿ ಬೇರೆಯವರು ಕಾರು ನಿಲ್ಲಿಸಿದರೆ ಅಸೋಸಿಯೇಷನ್ ದಂಡ ಹಾಕಬಹುದೇ? ಉತ್ತರಿಸಿದವರಿಗೆಲ್ಲ ಧನ್ಯವಾದ.

ಸೇಲ್ ಡೀಡ್, ಮಂಜೂರಾದ ನಕ್ಷೆ, ಡೀಡ್ ಆಫ್ ಡಿಕ್ಲರೇಷನ್ (ಸಾಮಾನ್ಯ ಜಾಗ ಯಾವುದು, ಯಾರ ಪಾಲೆಷ್ಟು ಎಂದು ನೋಂದಾಯಿಸಿದ ಪತ್ರ) ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮಗೆ ಎಡವಟ್ಟು ಸಿಕ್ಕಿದ್ದು ನಕ್ಷೆಯಲ್ಲೇ. ಕಾಂಪೌಂಡ್ ಪಕ್ಕ ಹಳದಿ ಗೆರೆ ಎಳೆದು 41ರಿಂದ 44 ಅಂತ ನಂಬರ್ ಬರೆದ ಜಾಗ ನಕ್ಷೆಯಲ್ಲಿ ಪಾರ್ಕಿಂಗೇ ಅಲ್ಲ, ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಲೇಬೇಕಾದ ಜಾಗ. ಅಗ್ನಿಶಾಮಕ ವಾಹನ ತಿರುಗಬೇಕಾದದ್ದೂ ಅಲ್ಲೇ. ಬಿಲ್ಡರ್ ಕೊಟ್ಟ ಅಲಾಟ್‌ಮೆಂಟ್ ಪತ್ರದಿಂದ ಅದು ಯಾರ ಸ್ವತ್ತೂ ಆಗುವುದಿಲ್ಲ. ತೆರೆದ ಮತ್ತು ಸ್ಟಿಲ್ಟ್ (ಕಟ್ಟಡದ ಕೆಳಗೆ ಕಂಬಗಳ ನಡುವಿನ) ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮುಂಬೈ ಪ್ರಕರಣವೊಂದರಲ್ಲಿ ಹೇಳಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯೂ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶದೊಳಗೇ ಸೇರಿಸಿದೆ.

ದಂಡದ ವಿಷಯ: ಕಮಿಟಿ ಸಭೆಯಲ್ಲಿ ಐದು ಜನ ಕೂತು ತೀರ್ಮಾನಿಸಿದರೆ ಸಾಲದು. ಬೈಲಾದಲ್ಲಿ (ಅಸೋಸಿಯೇಷನ್ನಿನ ನಿಯಮಾವಳಿಯಲ್ಲಿ) ಆ ಅಧಿಕಾರ ಇರಬೇಕು, ಮೊತ್ತಕ್ಕೆ ಸಾಮಾನ್ಯ ಸಭೆ ಒಪ್ಪಿರಬೇಕು, ಮೊದಲು ಲಿಖಿತ ನೋಟಿಸ್ ಹೋಗಿರಬೇಕು. ನಮ್ಮಲ್ಲಿ ಮೂರೂ ಇರಲಿಲ್ಲ, ಹಾಗಾಗಿ ಹಳೆಯ ದಂಡ ವಾಪಸ್ ಕೊಡಿಸುತ್ತಿದ್ದಾರೆ.

ಟೈರಿನ ಗಾಳಿ ಬಿಡುವುದು, ಚಕ್ರಕ್ಕೆ ಬೀಗ ಜಡಿಯುವುದು ದಯವಿಟ್ಟು ಬೇಡ. ವಾಟ್ಸಾಪ್ ಗ್ರೂಪಿನಲ್ಲಿ ನಂಬರ್ ಪ್ಲೇಟಿನ ಫೋಟೊ ಹಾಕಿ ಮರ್ಯಾದೆ ತೆಗೆಯುವುದೂ ಅಷ್ಟೇ ಕೆಟ್ಟದ್ದು. ಸೆಕ್ಯುರಿಟಿ ರಿಜಿಸ್ಟರಿನಲ್ಲಿ ಗಾಡಿ ನಂಬರ್, ಜಾಗ, ಸಮಯ ಬರೆಸಿ. ನೋಟಿಸಿಗೆ ಆಧಾರವಾಗುವುದು ಅದೇ.