ಮೀನ್ ಗರ್ಲ್ಸ್ ಇಷ್ಟಪಟ್ಟವರು ಹೀದರ್ಸ್ ನೋಡಿದ್ದೀರಾ? ನಗಬೇಕೋ ಬೇಡವೋ ಗೊತ್ತಾಗಲಿಲ್ಲ

ಕೊನೆಬೆಂಚು:
ಅಮೆರಿಕದ ಹೈಸ್ಕೂಲ್ ಸಿನಿಮಾ ಮೀನ್ ಗರ್ಲ್ಸ್ (2004) ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಬುಧವಾರ ಗುಲಾಬಿ ಬಟ್ಟೆ ಹಾಕಬೇಕು ಅನ್ನೋ ರೂಲ್ಸು, ಶಾಲೆಯವರನ್ನೆಲ್ಲ ಬೈದು ಬರೆದಿಟ್ಟ ಪುಸ್ತಕ, ತೆಳ್ಳಗಾಗುತ್ತೀಯ ಅಂತ ನಂಬಿಸಿ ತೂಕ ಏರಿಸುವ ಬಾರ್ ತಿನ್ನಿಸುವುದು, ಎಲ್ಲಾ ಬಾಯಿಪಾಠ. ಅದು ಇಷ್ಟವಾದರೆ ಹೀದರ್ಸ್ ನೋಡಲೇಬೇಕು ಅಂತ ಯಾರೋ ಹೇಳಿದರು. ಮೊನ್ನೆ ರಾತ್ರಿ ಊಟ ಮಾಡುತ್ತಾ ಹಾಕಿದೆ. ಒಂದೇ ಹೆಸರಿನ ಮೂರು ಹುಡುಗಿಯರು, ಅವರ ಬಾಲ ಹಿಡಿದ ವೆರೋನಿಕಾ, ಇಲ್ಲಿಯವರೆಗೆ ಸರಿ. ಆಮೇಲೆ ಕರಿ ಕೋಟಿನ ಹೊಸ ಹುಡುಗ ಬರುತ್ತಾನೆ, ನೋಡನೋಡುತ್ತಾ ಕೊಲೆ ಶುರು, ಕೊಂದು ಅದನ್ನ ಆತ್ಮಹತ್ಯೆ ಅಂತ ತೋರಿಸುವುದು ಬೇರೆ! ತಟ್ಟೆ ಪಕ್ಕಕ್ಕೆ ಇಟ್ಟುಬಿಟ್ಟೆ. ಆದರೆ ಎರಡು ಮೂರು ಕಡೆ ಜೋರಾಗಿ ನಕ್ಕಿದ್ದೂ ನಿಜ, ನಕ್ಕ ಮೇಲೆ ಒಂಥರಾ ಆಯಿತು. ಇದನ್ನ ಕಾಮಿಡಿ ಅಂತ ಹೇಗೆ ಕರೆಯುತ್ತಾರೆ? ಇವೆರಡರ ನಡುವೆ ನಿಲ್ಲುವ ಸಿನಿಮಾ ಯಾವುದಾದರೂ ಇದ್ದರೆ ಹೇಳಿ.

ಹಳೇ ಸೀಡಿ:
ಗುರು, ನೀವು ಉಲ್ಟಾ ಕಡೆಯಿಂದ ಬಂದಿದ್ದೀರಿ, ಅದಕ್ಕೇ ಶಾಕ್ ಹೊಡೆದಿದೆ. ಹೀದರ್ಸ್ ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 1989ರಲ್ಲಿ. ಅದಕ್ಕೆ ಮೊದಲು ಅಲ್ಲಿನ ಹೈಸ್ಕೂಲ್ ಸಿನಿಮಾ ಅಂದರೆ ಜಾನ್ ಹ್ಯೂಸ್. ಅವನ ದಿ ಬ್ರೇಕ್‌ಫಾಸ್ಟ್ ಕ್ಲಬ್ (1985) ನೋಡಿ, ಐದು ಬೇರೆ ಬೇರೆ ಗುಂಪಿನ ಹುಡುಗ ಹುಡುಗಿಯರನ್ನ ಶನಿವಾರ ಶಿಕ್ಷೆಗೆ ಅಂತ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ, ಸಂಜೆಯೊಳಗೆ ಎಲ್ಲಾ ದೋಸ್ತಿ. ಹೀದರ್ಸ್ ಬರೆದ ಡೇನಿಯಲ್ ವಾಟರ್ಸ್‌ಗೆ ಈ ಸಿಹಿ ಸೇರಲಿಲ್ಲ. ದೊಡ್ಡ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಕೈಯಲ್ಲಿ ಇದನ್ನ ಮಾಡಿಸಬೇಕು ಅಂತ ಆಸೆ ಇಟ್ಟುಕೊಂಡಿದ್ದ ಪುಣ್ಯಾತ್ಮ ಅವನು. ಕೊನೆಗೆ ನಿರ್ದೇಶನ ಮಾಡಿದ್ದು ಮೈಕಲ್ ಲೆಹ್ಮನ್. ಮೊದಲು ಬರೆದ ಕ್ಲೈಮ್ಯಾಕ್ಸ್‌ನಲ್ಲಿ ಶಾಲೆ ಪೂರ್ತಿ ಸ್ಫೋಟ ಆಗಿ, ಸ್ವರ್ಗದಲ್ಲಿ ಎಲ್ಲಾ ಗುಂಪಿನವರೂ ಸೇರಿ ಡಾನ್ಸ್ ಮಾಡಬೇಕಿತ್ತಂತೆ. ಅಂದರೆ ಸತ್ತರೆ ಮಾತ್ರ ಇವರು ಒಂದಾಗುತ್ತಾರೆ ಅಂತ. ನಿರ್ಮಾಪಕರು ಒಪ್ಪಲಿಲ್ಲ, ಬದಲಾಯಿಸಿದರು. ಥಿಯೇಟರಿನಲ್ಲಿ ಸಿನಿಮಾ ಮಕಾಡೆ ಮಲಗಿತು, ಆಮೇಲೆ ಕ್ಯಾಸೆಟ್ಟಿನಲ್ಲಿ ಎದ್ದು ಕೂತಿತು.

ಇನ್ನೊಂದು ವಿಷಯ. ನಿಮ್ಮ ಮೀನ್ ಗರ್ಲ್ಸ್ ನಿರ್ದೇಶಕ ಮಾರ್ಕ್ ವಾಟರ್ಸ್ ಇದ್ದಾನಲ್ಲ, ಈ ಡೇನಿಯಲ್‌ನ ಸ್ವಂತ ತಮ್ಮ. ಅಣ್ಣ ವಿಷ ಹಾಕಿದ ಅಡುಗೆಗೆ 15 ವರ್ಷ ಆದಮೇಲೆ ತಮ್ಮ ಸಕ್ಕರೆ ಬೆರೆಸಿದ. ಚಿತ್ರಕಥೆ ಟೀನಾ ಫೇದು ಅನ್ನಿ, ಅದೂ ರೋಸಲಿಂಡ್ ವೈಸ್‌ಮನ್ ಅವರು ಅಪ್ಪ ಅಮ್ಮಂದಿರಿಗೋಸ್ಕರ ಬರೆದ ಪುಸ್ತಕದಿಂದ ಹುಟ್ಟಿದ್ದು.

ನ್ಯೂಜೆರ್ಸಿ ಮಂಡಕ್ಕಿ:
ನಾನು ಹೀದರ್ಸ್ ಅರ್ಧಕ್ಕೇ ನಿಲ್ಲಿಸಿದವಳು. ಅರ್ಧ ಏನು, ಶುರುವಿನಲ್ಲೇ. ಆ ಹುಡುಗ ಊಟದ ಹಾಲ್‌ನಲ್ಲಿ ರೇಗಿಸಿದವರ ಕಡೆ ಗನ್ ತೆಗೆದು ಹೊಡೆಯುತ್ತಾನಲ್ಲ, ಖಾಲಿ ಗುಂಡು, ಯಾರಿಗೂ ಏನೂ ಆಗಲ್ಲ, ಅವನಿಗೆ ಸಿಗುವ ಶಿಕ್ಷೆ ಬರೀ ಸಸ್ಪೆನ್ಶನ್. 1989ರಲ್ಲಿ ಅದು ಜೋಕು. ನನ್ನ ಮಗಳು ಇಲ್ಲಿ ಒಂಬತ್ತನೇ ಕ್ಲಾಸು, ಶಾಲೆಗೆ ಯಾರಾದರೂ ಗನ್ ಹಿಡಿದು ನುಗ್ಗಿದರೆ ಅಂತ ಲೈಟ್ ಆರಿಸಿ ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಸುಮ್ಮನೆ ಕೂರುವ ಡ್ರಿಲ್ ಮಾಡಿಕೊಂಡೇ ಬೆಳೆದವಳು. ನಗು ಎಲ್ಲಿಂದ ಬರಬೇಕು ಹೇಳಿ? 2018ರಲ್ಲಿ ಇದನ್ನೇ ಟೀವಿ ಸರಣಿ ಮಾಡಿದ್ದರು, ಅದೇ ಫೆಬ್ರವರಿಯಲ್ಲಿ ಫ್ಲಾರಿಡಾದ ಶಾಲೆಯಲ್ಲಿ ಗುಂಡಿನ ದಾಳಿ ಆಯಿತು ಅಂತ ಮುಂದಕ್ಕೆ ಹಾಕಿದರು.

ಮೀನ್ ಗರ್ಲ್ಸ್‌ನ ಊಟದ ಟೇಬಲ್ಲಿನ ನಕ್ಷೆ ಮಾತ್ರ ನೂರಕ್ಕೆ ನೂರು ನಿಜ. ಯಾವ ಟೇಬಲ್ಲಿನಲ್ಲಿ ಯಾರು ಅಂತ ಬರೆದು ಕೊಡುತ್ತಾರಲ್ಲ, ಅದು. ನಮ್ಮಜ್ಜಿ ಇದ್ದಿದ್ದರೆ ಇದೇನೇ ಇದು ಪಂಕ್ತಿಭೇದ ಅಂತಿದ್ದರು. ಹೋದ ವರ್ಷ ಇವಳ ಡಬ್ಬಿ ದಿನಾ ಹಾಗೇ ವಾಪಸ್ ಬರುತ್ತಿತ್ತು, ಚಿತ್ರಾನ್ನದ ಮೇಲಿನ ಕಡಲೆಬೀಜ ಕೂಡ ಮುಟ್ಟಿರುತ್ತಿರಲಿಲ್ಲ. ನಾನು ರುಚಿ ಕೆಟ್ಟಿತೇನೋ ಅಂದುಕೊಂಡೆ. ಕೊನೆಗೆ ಗೊತ್ತಾಯಿತು, ಕೂರಲು ಟೇಬಲ್ ಸಿಗದೆ ಊಟದ ಹೊತ್ತೆಲ್ಲ ಲೈಬ್ರರಿಯಲ್ಲಿ ಕಳೆಯುತ್ತಿದ್ದಳು. ಅಲ್ಲಿ ಡಬ್ಬಿ ತೆರೆಯುವ ಹಾಗಿಲ್ಲ.

ಶಾಯಿ ಬಾಟಲಿ:
ಮೇಡಂ, ಮಗಳು ಈಗ ಆರಾಮಾಗಿದ್ದಾಳೆ ಅಂದುಕೊಳ್ಳುತ್ತೇನೆ. ಆ ಗನ್ ಸೀನ್ ಬಗ್ಗೆ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಆದರೆ ಸಿನಿಮಾದ ಜೀವ ಆ ಹುಡುಗನಲ್ಲಿಲ್ಲ, ಮೇಷ್ಟ್ರುಗಳಲ್ಲಿದೆ. ಮೊದಲು ಸಾಯುವ ಹೀದರ್ ಹೆಸರಿನಲ್ಲಿ ವೆರೋನಿಕಾ ಸುಳ್ಳು ಪತ್ರ ಬರೆಯುತ್ತಾಳೆ, ಅವಳಿಗೆ ಬೇರೆಯವರ ಕೈಬರಹ ಕದಿಯುವ ಕಲೆ ಇದೆ. ಆ ಪತ್ರದಲ್ಲಿ ಒಂದು ದೊಡ್ಡ ಪದ, ಮಿರಿಯಡ್, ಅಂದರೆ ಲೆಕ್ಕವಿಲ್ಲದಷ್ಟು. ಆಮೇಲೆ ಟೀಚರ್‌ಗಳ ಮೀಟಿಂಗ್ ನಡೆಯುತ್ತೆ. ಅಲ್ಲಿ ಒಬ್ಬರು ಹುಡುಗಿ ಆ ಪದವನ್ನ ಸರಿಯಾಗಿ ಬಳಸಿದ್ದಾಳೆ ಅಂತ ಮೆಚ್ಚಿಕೊಳ್ಳುತ್ತಾರೆ! ಇನ್ನೊಬ್ಬ ಟೀಚರಮ್ಮ ಟೀವಿಯವರನ್ನ ಕರೆಸಿ ಮಕ್ಕಳೆಲ್ಲ ಕೈ ಕೈ ಹಿಡಿದು ನಿಲ್ಲುವ ಹಾಗೆ ಮಾಡುತ್ತಾಳೆ. ಬದುಕಿದ್ದಾಗ ಎಲ್ಲರೂ ಹೆದರುತ್ತಿದ್ದ ಹುಡುಗಿ ಸತ್ತ ಮೇಲೆ ದೇವತೆ. ಅವಳ ತಲೆಯ ಕೆಂಪು ಸ್ಕ್ರಂಚಿ, ಕೂದಲು ಕಟ್ಟುವ ಬಟ್ಟೆ ಬ್ಯಾಂಡು, ಇದೆಯಲ್ಲ, ಅದನ್ನ ಎರಡನೇ ಹೀದರ್ ಹಾಕಿಕೊಳ್ಳುತ್ತಾಳೆ, ಹಸಿರು ಬಟ್ಟೆ ಹೋಗಿ ಕೆಂಪು ಬರುತ್ತೆ. ಕುರ್ಚಿ ಒಂದು ದಿನ ಖಾಲಿ ಇರಲ್ಲ.

ನಡುವೆ ನಿಲ್ಲುವ ಸಿನಿಮಾ ಕೇಳಿದಿರಿ. ಎಲೆಕ್ಷನ್ (1999), ಅಲೆಕ್ಸಾಂಡರ್ ಪೇಯ್ನ್‌ದು. ಒಮಾಹಾ ಊರಿನ ಶಾಲೆ, ವಿದ್ಯಾರ್ಥಿ ಸಂಘದ ಚುನಾವಣೆ. ಟ್ರೇಸಿ ಫ್ಲಿಕ್ ಆಗಿ ರೀಸ್ ವಿದರ್‌ಸ್ಪೂನ್, ಕೈ ಎತ್ತಿದರೆ ಇಳಿಸದ ಹುಡುಗಿ. ಅವಳನ್ನ ಸೋಲಿಸಲೇಬೇಕು ಅಂತ ಹಟಕ್ಕೆ ಬಿದ್ದ ಮೇಷ್ಟ್ರು ಕಾಲು ಮುರಿದುಕೊಂಡ ಫುಟ್‌ಬಾಲ್ ಹುಡುಗನನ್ನ ಎದುರಿಗೆ ನಿಲ್ಲಿಸುತ್ತಾರೆ, ಕೊನೆಗೆ ಎರಡು ಓಟಿನ ಚೀಟಿ ಕಸದ ಬುಟ್ಟಿಗೆ ಹಾಕುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಯಾರ ಕೈಯಲ್ಲಿ ಗೊತ್ತಾ, ಕಸ ಗುಡಿಸುವವನ ಕೈಯಲ್ಲಿ. ಶುರುವಿನಲ್ಲಿ ಫ್ರಿಜ್ ಕ್ಲೀನ್ ಮಾಡುವಾಗ ಮೇಷ್ಟ್ರು ಹಳಸಿದ ಊಟದ ಡಬ್ಬ ಬುಟ್ಟಿಯ ಹೊರಗೆ ಬೀಳಿಸಿ ಹೋಗುವ ಒಂದು ಚಿಕ್ಕ ಸೀನ್ ಇದೆ, ಅದನ್ನ ಬಳಿಯಬೇಕಾದವನೂ ಇವನೇ, ಮಿಸ್ ಮಾಡಬೇಡಿ. ಹೆಣ ಒಂದೂ ಬೀಳಲ್ಲ.

ಹಳೇ ಸೀಡಿ:
ಎಲೆಕ್ಷನ್‌ಗೆ ನನ್ನ ಓಟೂ. ಆ ಮೇಷ್ಟ್ರು ಮ್ಯಾಥ್ಯೂ ಬ್ರೋಡ್ರಿಕ್, 1986ರಲ್ಲಿ ಜಾನ್ ಹ್ಯೂಸ್ ಸಿನಿಮಾದಲ್ಲೇ ಶಾಲೆಗೆ ಚಕ್ಕರ್ ಹೊಡೆದ ಫೆರಿಸ್ ಬ್ಯೂಲರ್ ಆಗಿದ್ದವನು. ಅಷ್ಟು ಜುಮ್ ಅಂತ ಇದ್ದ ಹುಡುಗ ಮೇಷ್ಟ್ರಾಗಿ, ಜೇನ್ನೊಣ ಕಚ್ಚಿ ಕಣ್ಣು ಊದಿಸಿಕೊಂಡು ಓಟು ಎಣಿಸುತ್ತಾನೆ. ಎಲೆಕ್ಷನ್ ಬಂದ 1999ರದ್ದೇ ಜಾಬ್ರೇಕರ್ ಸಿನಿಮಾ ಕೂಡ ಇದೇ ಸಾಲಿನದು, ಆದರೆ ಸುಮ್ನೆ ಹೀದರ್ಸ್‌ಗೆ ಬಣ್ಣ ಬಳಿದ ಹಾಗಿದೆ. ಟೈಮ್ ಇದ್ದರೆ ನೋಡಿ.

ನ್ಯೂಜೆರ್ಸಿ ಮಂಡಕ್ಕಿ:
ಹೌದು ಸರ್, ಈಗ ಪರವಾಗಿಲ್ಲ. ಚೆಸ್ ಕ್ಲಬ್ಬಿನವರ ಟೇಬಲ್ ಸಿಕ್ಕಿದೆ. ಚಿತ್ರಾನ್ನ ಜಾಸ್ತಿ ಹಾಕಮ್ಮ ಅಂತಾಳೆ, ಅಲ್ಲಿ ಹಂಚಬೇಕಂತೆ.

ಕೊನೆಬೆಂಚು:
ಎಲ್ಲರಿಗೂ ಥ್ಯಾಂಕ್ಸ್. ನಾನು ಜೋರಾಗಿ ನಕ್ಕಿದ್ದು ಆ ಮಿರಿಯಡ್ ಸೀನಿಗೇ, ಈಗ ಅಷ್ಟು ಪಾಪಪ್ರಜ್ಞೆ ಇಲ್ಲ. ಇವತ್ತು ರಾತ್ರಿ ಎಲೆಕ್ಷನ್ ಹಾಕುತ್ತೇನೆ. ಮನೆಯವಳು ಹೈಸ್ಕೂಲ್ ಹುಡುಗಿಯರ ಸಿನಿಮಾ ಸಾಕು ಅಂದಿದ್ದಾಳೆ, ರಾಜಕೀಯದ ಸಿನಿಮಾ ಅಂತ ಹೇಳಿ ಕೂರಿಸುತ್ತೇನೆ.