ಟೆಂಪ್ಟೇಷನ್ಸ್: ಒಂದೇ ಒಂದು ಸಂಕಲನ ಕೊಳ್ಳುವುದಾದರೆ ಯಾವುದು?

ತುಂಗಾತೀರ:
ಅಮೆರಿಕದ ಹಳೆಯ ಸೋಲ್ ಸಂಗೀತ ಈಗೀಗ ಕೇಳಲು ಶುರು ಮಾಡಿದ್ದೇನೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಗುಂಪುಗಳಲ್ಲಿ ಟೆಂಪ್ಟೇಷನ್ಸ್ ತುಂಬಾ ಹಿಡಿಸಿದ್ದಾರೆ. ಐದು ದನಿ, ಐದೂ ಬೇರೆ ಬೇರೆ. ‘ಮೈ ಗರ್ಲ್’ ಗೊತ್ತು, ಇನ್ನೆರಡು ಮೂರು ಹಾಡು ಗೊತ್ತು, ಅಷ್ಟೇ. ಇವರ ಆಯ್ದ ಹಾಡುಗಳ ಒಂದು ಸಂಕಲನ ಕೊಳ್ಳಬೇಕು ಅಂತಿದ್ದೇನೆ. ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಆದರೂ ಸರಿ, ಸಿಡಿ ಆದರೂ ಸರಿ. ಹುಡುಕಿದರೆ ರಾಶಿ ರಾಶಿ ಬರುತ್ತವೆ, ಎಲ್ಲದರ ಮೇಲೂ ‘ಬೆಸ್ಟ್’, ‘ಗ್ರೇಟೆಸ್ಟ್’ ಅಂತಲೇ ಇದೆ. ಕೇಳಿದವರು ದಾರಿ ತೋರಿಸಿ. ಯಾಕೆ ಅದೇ ಅಂತಲೂ ಹೇಳಿ.

ಹಳೇಎಲ್‌ಪಿ:
1966ರ ‘ಗ್ರೇಟೆಸ್ಟ್ ಹಿಟ್ಸ್’. ಬೇರೆ ಯೋಚನೆಯೇ ಬೇಡ. ಹನ್ನೆರಡು ಹಾಡು, ಸಪ್ಪೆ ಅನ್ನುವಂಥದ್ದು ಒಂದೂ ಇಲ್ಲ. ಆಗ ಅದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ 5ನೇ ಜಾಗಕ್ಕೆ ಏರಿತ್ತು. 1964ರಿಂದ 66ರವರೆಗಿನ ಎರಡು ಮೂರು ವರ್ಷದಲ್ಲಿ ಈ ಐವರು ಏನೇನು ಮಾಡಿದರೋ ಅದರ ಕೆನೆ ಎಲ್ಲ ಅಲ್ಲಿದೆ. ಡೇವಿಡ್ ರಫಿನ್ ಅವರ ಒರಟು ದನಿ, ಎಡ್ಡಿ ಕೆಂಡ್ರಿಕ್ಸ್ ಅವರ ತೆಳ್ಳಗಿನ ಎತ್ತರದ ದನಿ, ಕೆಳಗೆ ಮೆಲ್ವಿನ್ ಫ್ರಾಂಕ್ಲಿನ್ ಅವರ ಬೇಸ್ ದನಿ. ಪಾಲ್ ವಿಲಿಯಮ್ಸ್ ಮತ್ತು ಓಟಿಸ್ ವಿಲಿಯಮ್ಸ್ ನಡುವೆ ತುಂಬುತ್ತಾರೆ. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮುಗಿದ ಕೂಡಲೇ ಮತ್ತೆ ಮೊದಲಿಂದ ಹಾಕಬೇಕು ಅನಿಸುತ್ತದೆ.

ಮಿಷಿಗನ್‌ವಾಸಿ:
ಒಳ್ಳೆಯ ಎಲ್‌ಪಿ, ಒಪ್ಪುತ್ತೇನೆ. ಆದರೆ ಒಂದೇ ಕೊಳ್ಳುವವರಿಗೆ ಅದನ್ನು ಹೇಳಬಾರದು. ಟೆಂಪ್ಟೇಷನ್ಸ್ ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ ನಾಲ್ಕು ಸಲ ಮೊದಲ ಸ್ಥಾನಕ್ಕೆ ಹೋಗಿದೆ. 1965ರಲ್ಲಿ ‘ಮೈ ಗರ್ಲ್’, 1969ರಲ್ಲಿ ‘ಐ ಕಾಂಟ್ ಗೆಟ್ ನೆಕ್ಸ್ಟ್ ಟು ಯೂ’, 1971ರಲ್ಲಿ ‘ಜಸ್ಟ್ ಮೈ ಇಮ್ಯಾಜಿನೇಷನ್’, 1972ರಲ್ಲಿ ‘ಪಾಪಾ ವಾಸ್ ಎ ರೋಲಿನ್ ಸ್ಟೋನ್’. ನೀವು ಹೇಳುವ ಎಲ್‌ಪಿಯಲ್ಲಿ ಇರುವುದು ಮೊದಲನೆಯದು ಮಾತ್ರ. ಅದನ್ನಷ್ಟೇ ಕೇಳಿದವರಿಗೆ ಈ ಗುಂಪಿನ ಅರ್ಧ ಕಥೆಯೇ ಗೊತ್ತಾಗುವುದಿಲ್ಲ. ‘ಆಂಥಾಲಜಿ’ ತೆಗೆದುಕೊಳ್ಳಿ. 1973ರಲ್ಲಿ ಮೂರು ಎಲ್‌ಪಿ ಸೇರಿಸಿ ತಂದಿದ್ದರು, ಆಮೇಲೆ ಎರಡು ಸಿಡಿಯಲ್ಲಿ ಬಂತು. ನಾಲ್ಕೂ ಸಿಗುತ್ತವೆ.

ಹಳೇಎಲ್‌ಪಿ:
ಪಟ್ಟಿಯಲ್ಲಿ ಎಷ್ಟನೇ ಜಾಗ ಅಂತ ನೋಡಿ ಹಾಡು ಆರಿಸುವುದು ಸರಿಯಲ್ಲ. ‘ಗೆಟ್ ರೆಡಿ’ ಪಾಪ್ ಪಟ್ಟಿಯಲ್ಲಿ 29ಕ್ಕೇ ನಿಂತಿತು. ಹಾಗಂತ ಅದು ಸಣ್ಣ ಹಾಡಾ? 1970ರಲ್ಲಿ ರೇರ್ ಅರ್ಥ್ ಅನ್ನುವ ರಾಕ್ ತಂಡ ಅದನ್ನೇ ಹಾಡಿ 4ನೇ ಜಾಗಕ್ಕೆ ತಂದಿತು. ಹಾಡಿನಲ್ಲಿ ಮೊದಲೇ ಅಷ್ಟು ಕಸುವು ಇತ್ತು.

ವನಜ_ವಯಲಿನ್:
‘ಗೆಟ್ ರೆಡಿ’ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು. ಈ ಚರ್ಚೆಯ ಕೀಲಿ ಇರುವುದೇ ಅಲ್ಲಿ. ಅಲ್ಲಿಯವರೆಗೆ ಗುಂಪಿನ ಮುಖ್ಯ ನಿರ್ಮಾಪಕ ಸ್ಮೋಕಿ ರಾಬಿನ್ಸನ್. ‘ಗೆಟ್ ರೆಡಿ’ ಪಾಪ್ ಪಟ್ಟಿಯಲ್ಲಿ ಅಂದುಕೊಂಡಷ್ಟು ಮೇಲೆ ಹೋಗಲಿಲ್ಲ ಅಂತ ಕಂಪನಿಯ ಯಜಮಾನ ಬೆರ್ರಿ ಗಾರ್ಡಿ ಮುಂದಿನ ಅವಕಾಶವನ್ನು ನಾರ್ಮನ್ ವಿಟ್‌ಫೀಲ್ಡ್‌ಗೆ ಕೊಟ್ಟರು. ಬಂದದ್ದು ‘ಏಂಟ್ ಟೂ ಪ್ರೌಡ್ ಟು ಬೆಗ್’. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೇಳಿ. ಸ್ಮೋಕಿ ಅವರ ಹಾಡಿನಲ್ಲಿ ಕೆಂಡ್ರಿಕ್ಸ್ ತೇಲುತ್ತಾರೆ. ವಿಟ್‌ಫೀಲ್ಡ್ ಹಾಡಿನಲ್ಲಿ ರಫಿನ್‌ಗೆ ಅವರ ಅನುಕೂಲಕ್ಕಿಂತ ಎತ್ತರದ ಶ್ರುತಿ ಕೊಟ್ಟಿದ್ದಾರೆ. ಗಂಟಲು ಒತ್ತಿ ಹಾಡಲೇಬೇಕು. ಬೇಡುವವನ ದನಿ ಹಾಗೇ ಅಲ್ವಾ ಇರಬೇಕಾದದ್ದು?

ಈ ಎರಡೂ ಹಾಡು 1966ರ ಎಲ್‌ಪಿಯಲ್ಲೇ ಇವೆ. ಅಂದರೆ ಅಲ್ಲಿ ಸ್ಮೋಕಿ ಅವರ ಕಾಲವೂ ಇದೆ, ವಿಟ್‌ಫೀಲ್ಡ್ ಕಾಲದ ಬಾಗಿಲೂ ಇದೆ. ಆದರೆ ಬಾಗಿಲು ತೆರೆದದ್ದು ಮಾತ್ರ ಕಾಣುತ್ತದೆ, ಒಳಗೆ ಹೋಗುವುದಿಲ್ಲ. ಅದಕ್ಕೇ ನನ್ನ ಮತ ಕೂಡ ‘ಆಂಥಾಲಜಿ’ ಕಡೆಗೆ.

ರಾತ್ರಿಪಾಳಿ:
ನನಗೆ ಈ ಪ್ರಶ್ನೆಯೇ ಅರ್ಥವಾಗುತ್ತಿಲ್ಲ. ಎಲ್ಲ ಹಾಡೂ ಫೋನಿನಲ್ಲೇ ಸಿಗುತ್ತವೆ. ಬೇಕಾದ್ದನ್ನು ಆರಿಸಿ ಪಟ್ಟಿ ಮಾಡಿಕೊಂಡರೆ ಸಾಕು. ಸಂಕಲನಕ್ಕೆ ದುಡ್ಡು ಯಾಕೆ?

ಮಿಷಿಗನ್‌ವಾಸಿ:
ಆರಿಸಲು ಮೊದಲು ಗೊತ್ತಿರಬೇಕಲ್ಲ. ಗೊತ್ತಿಲ್ಲದವರು ಪಟ್ಟಿ ಮಾಡಿದರೆ ಜನ ಜಾಸ್ತಿ ಒತ್ತಿದ ಐದಾರು ಹಾಡೇ ಮತ್ತೆ ಮತ್ತೆ ಬರುತ್ತವೆ. ‘ಸಿನ್ಸ್ ಐ ಲಾಸ್ಟ್ ಮೈ ಬೇಬಿ’ ಅಂಥ ಪಟ್ಟಿಯ ತುದಿಗೂ ಬರುವುದಿಲ್ಲ. ಒಳ್ಳೆಯ ಸಂಕಲನ ಅಂದರೆ ತಿಳಿದವರು ಕೂತು ಆರಿಸಿದ್ದು. ಯಾವುದರ ಮುಂದೆ ಯಾವುದು ಬರಬೇಕು ಅನ್ನುವುದೂ ಅದರಲ್ಲಿ ಸೇರಿದೆ.

ಕೆರೆಏರಿ:
ಯಾರೂ ಹೇಳದ ಒಂದು ಮುಖ್ಯ ವಿಷಯ. ಸಂಕಲನದ ಹೆಸರು ನೋಡುವ ಮೊದಲು ಧ್ವನಿಮುದ್ರಣ ಯಾವುದು ಅಂತ ನೋಡಿ. ಸೋಲ್ ಗುಂಪುಗಳ ಅಗ್ಗದ ಸಂಕಲನಗಳಲ್ಲಿ ಎಷ್ಟೋ ಸಲ ಇರುವುದು ಮೂಲ ಮುದ್ರಣ ಅಲ್ಲ. ಆಮೇಲೆ ಯಾವಾಗಲೋ ಒಬ್ಬಿಬ್ಬರು ಹಳಬರು ಸೇರಿ ಮತ್ತೆ ಹಾಡಿದ್ದು. ಹೊದಿಕೆಯ ಮೇಲೆ 60ರ ದಶಕದ ಫೋಟೋ, ಒಳಗೆ ಸಿಂಥಸೈಜರ್. ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಮರು ಮುದ್ರಣ’ ಅನ್ನುವ ಅರ್ಥದ ಒಂದು ಸಾಲು ಇರುತ್ತದೆ. ಹೆಸರಿನಲ್ಲೂ ಗೊಂದಲ ಇದೆ. ಡೆನ್ನಿಸ್ ಎಡ್ವರ್ಡ್ಸ್ ಗುಂಪು ಬಿಟ್ಟ ಮೇಲೆ ‘ಟೆಂಪ್ಟೇಷನ್ಸ್ ರಿವ್ಯೂ’ ಅಂತ ಬೇರೆ ತಂಡ ಕಟ್ಟಿಕೊಂಡು ಹಾಡುತ್ತಿದ್ದರು. ಅವರು ದೊಡ್ಡ ಗಾಯಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಹುಡುಕುತ್ತಿರುವುದು ಅದಲ್ಲ.

ಮೂಲ ಮುದ್ರಣ ಬೇಕಾದರೆ ಗಾರ್ಡಿ ಅಥವಾ ಮೋಟೌನ್ ಅನ್ನುವ ಲೇಬಲ್ ಇದೆಯಾ ನೋಡಿ. ಇವರ ಹಾಡುಗಳು ಬರುತ್ತಿದ್ದದ್ದು ಮೋಟೌನ್‌ನ ಗಾರ್ಡಿ ಅನ್ನುವ ಉಪ ಲೇಬಲ್‌ನಲ್ಲಿ. ಇನ್ನೊಂದು ಪರೀಕ್ಷೆ, ‘ಮೈ ಗರ್ಲ್’ನ ಮೊದಲ ಕೆಲವು ಸೆಕೆಂಡು ಕೇಳಿ. ಬೇಸ್ ಗಿಟಾರ್ ಎದೆಗೆ ತಾಗದಿದ್ದರೆ ಆ ಸಿಡಿ ಅಲ್ಲೇ ಬಿಟ್ಟುಬಿಡಿ.

ವನಜ_ವಯಲಿನ್:
ಆ ಮೊದಲ ಸೆಕೆಂಡುಗಳ ಬಗ್ಗೆ ಹೇಳದೆ ಇರಲಾರೆ. ಮೊದಲು ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್ ಒಂದೇ. ಆಮೇಲೆ ರಾಬರ್ಟ್ ವೈಟ್ ಅವರ ಗಿಟಾರ್. ಅವರು ನುಡಿಸುವುದು ಸ ರಿ ಗ ಪ ಧ ಸ. ನಮ್ಮ ಮೋಹನ ರಾಗದ ಆರೋಹಣ, ಒಂದು ಸ್ವರವೂ ಆಚೀಚೆ ಇಲ್ಲ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಬದಲಾದಾಗ ಅದೇ ಓಟವನ್ನು ಮಧ್ಯಮದಿಂದ ಎತ್ತಿಕೊಳ್ಳುತ್ತಾರೆ, ಮ ಪ ಧ ಸ ರಿ ಮ. ಚರಣಗಳು ಈ ಎರಡು ಓಟದ ಮೇಲೆ ನಡೆಯುತ್ತವೆ. ಪಿಟೀಲು ಕೈಯಲ್ಲಿದ್ದರೆ ನುಡಿಸಿ ನೋಡಿ, ಬೆರಳು ತಾನಾಗಿಯೇ ಹೋಗುತ್ತದೆ. ನಡುವೆ ತಂತಿವಾದ್ಯಗಳ ಗುಂಪು ಬಂದು ಹೋದ ಮೇಲೆ ಇಡೀ ಹಾಡು ಒಂದು ಸ್ವರ ಮೇಲಕ್ಕೆ ಜರುಗುತ್ತದೆ. ರಫಿನ್ ಅಲ್ಲಿಯವರೆಗೆ ಕಾದಿಟ್ಟುಕೊಂಡ ಜೋರನ್ನು ಆಗ ಬಿಡುತ್ತಾರೆ.

ಇದನ್ನು ನುಡಿಸಿದವರ ಹೆಸರು ಆ ಕಾಲದ ಹೊದಿಕೆಗಳ ಮೇಲೆ ಇರಲಿಲ್ಲ. ಫಂಕ್ ಬ್ರದರ್ಸ್ ಅಂತ ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಈ ವಾದ್ಯಗಾರರ ಹೆಸರನ್ನು ಮೋಟೌನ್ ಎಲ್‌ಪಿಯೊಂದರ ಮೇಲೆ ಮೊದಲು ಹಾಕಿದ್ದು 1971ರಲ್ಲಿ, ಮಾರ್ವಿನ್ ಗೇ ಅವರ ಆಲ್ಬಂನಲ್ಲಿ. ನನಗೆ ಇದು ಇವತ್ತಿಗೂ ಸಂಕಟದ ವಿಷಯ. ಕೊಳ್ಳುವಾಗ ವಾದ್ಯಗಾರರ ಹೆಸರಿರುವ ಪುಸ್ತಿಕೆ ಸಿಕ್ಕರೆ ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿ.

ಹಳೇಎಲ್‌ಪಿ:
ಮೋಹನದ ಮಾತು ಓದಿ ಮತ್ತೆ ಹಾಕಿ ಕೇಳಿದೆ. ಹೌದು, ಅದೇ!

ಮೋನೋ ಬಗ್ಗೆಯೂ ಹೇಳಿಬಿಡುತ್ತೇನೆ. 60ರ ದಶಕದ ಮೋಟೌನ್ ಹಾಡು ಹುಟ್ಟಿದ್ದೇ ಮೋನೋದಲ್ಲಿ, ಅಂದರೆ ಎಡಬಲ ಹಂಚದೆ ಎಲ್ಲ ಸದ್ದೂ ಒಟ್ಟಿಗೆ. ಕಾರಿನ ರೇಡಿಯೋದಲ್ಲಿ ಹೇಗೆ ಕೇಳುತ್ತದೆ ಅಂತ ಪುಟ್ಟ ಸ್ಪೀಕರ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದರು. ಡೆಟ್ರಾಯಿಟ್ ಕಾರುಗಳ ಊರು ತಾನೇ. ಸ್ಟೀರಿಯೋ ಆವೃತ್ತಿಯಲ್ಲಿ ದನಿ ಒಂದು ಕಡೆ, ತಾಳ ಒಂದು ಕಡೆ ಹಂಚಿಹೋಗುತ್ತದೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಗುಂಪು ಒಡೆದುಹೋದ ಹಾಗೆ ಅನಿಸುತ್ತದೆ. ಮೋನೋದಲ್ಲಿ ಐವರೂ ಒಂದೇ ಮೈಕಿನ ಸುತ್ತ ನಿಂತಂತೆ ಮುಖಕ್ಕೇ ಬಂದು ಬಡಿಯುತ್ತಾರೆ. ಸಿಕ್ಕರೆ ಮೋನೋ ತೆಗೆದುಕೊಳ್ಳಿ.

ಮಿಷಿಗನ್‌ವಾಸಿ:
60ರ ಹಾಡಿಗೆ ಸರಿ. ಆದರೆ ‘ಕ್ಲೌಡ್ ನೈನ್’ ಆದ ಮೇಲಿನವಕ್ಕೆ ಸ್ಟೀರಿಯೋನೇ ಬೇಕು. ವಾ-ವಾ ಗಿಟಾರ್ (‘ವಾ ವಾ’ ಅಂತ ದನಿ ಬಾಗುವ ಗಿಟಾರ್) ಎಡಬಲ ಓಡಾಡುವುದು ಕೇಳದಿದ್ದರೆ ಏನು ಸಿಕ್ಕಿತು? 1968ರಲ್ಲಿ ರಫಿನ್ ಅವರನ್ನು ಗುಂಪಿನಿಂದ ತೆಗೆದರು. ಆ ಜಾಗಕ್ಕೆ ಡೆನ್ನಿಸ್ ಎಡ್ವರ್ಡ್ಸ್ ಬಂದರು. ಅದೇ ವರ್ಷ ‘ಕ್ಲೌಡ್ ನೈನ್’. ಒಬ್ಬರೇ ಮುಂದೆ ನಿಂತು ಹಾಡುವ ಪದ್ಧತಿ ಬಿಟ್ಟು ಐವರೂ ಸರದಿಯಲ್ಲಿ ಸಾಲು ಕಸಿದುಕೊಳ್ಳುತ್ತಾ ಹಾಡಿದರು. ಮೋಟೌನ್‌ಗೆ ಮೊದಲ ಗ್ರ್ಯಾಮಿ ತಂದುಕೊಟ್ಟದ್ದು ಈ ಹಾಡು. ಇದೆಲ್ಲ ಬಿಟ್ಟು 1966ಕ್ಕೇ ನಿಲ್ಲಿ ಅಂತ ಹೊಸಬರಿಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನಾನು ಮೋಟೌನ್‌ನ ಹಳೆಯ ಸ್ಟುಡಿಯೋ ಹಿಟ್ಸ್‌ವಿಲ್ ನೋಡಲು ಡೆಟ್ರಾಯಿಟ್‌ಗೆ ಹೋಗಿದ್ದೆ. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿ 2648ನೇ ನಂಬರಿನ ಮನೆ. ಮನೆ ಅಂದರೆ ಮನೆಯೇ. ಈಗ ಮ್ಯೂಸಿಯಂ. ಸ್ಟುಡಿಯೋ ಎ ಇಷ್ಟೇ ಇಷ್ಟು ಜಾಗ. ಮೇಲಿನ ಮಹಡಿಯಲ್ಲಿ ಚಾವಣಿಗೆ ಒಂದು ತೂತು ಕೊರೆದಿದ್ದಾರೆ. ಅದರ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಟ್ಟದೊಳಗೆ ಹೋಗಿ ಗುಂಯ್ ಅಂತ ವಾಪಸ್ಸು ಬರುತ್ತದೆ. ಅದೇ ಅವರ ಎಕೋ ಚೇಂಬರ್. ಅಲ್ಲಿ ನಿಂತಾಗ ನನಗೆ ನೆನಪಾದದ್ದು ‘ಮೈ ಗರ್ಲ್’ ಮಾತ್ರ ಅಲ್ಲ, ‘ಬಾಲ್ ಆಫ್ ಕನ್‌ಫ್ಯೂಷನ್’ ಕೂಡ. ಯುದ್ಧ, ತೆರಿಗೆ, ಮೈಬಣ್ಣದ ಜಗಳ ಎಲ್ಲ ಸೇರಿಸಿ 1970ರಲ್ಲಿ ಹಾಡಿದ್ದು.

ತುಂಗಾತೀರ:
ಎಲ್ಲರಿಗೂ ವಂದನೆ. ಒಂದು ಸಂದೇಹ. 1970ರಲ್ಲಿ ‘ಗ್ರೇಟೆಸ್ಟ್ ಹಿಟ್ಸ್ 2’ ಅಂತ ಬಂದಿದೆಯಲ್ಲ, 1966ರದ್ದು ಮತ್ತು ಅದು ಎರಡೂ ಸೇರಿದರೆ ಸಾಕಾಗುವುದಿಲ್ಲವಾ?

ಕೆರೆಏರಿ:
ಜೋಡಿ ಚೆನ್ನಾಗಿದೆ. ಎರಡನೆಯದರಲ್ಲಿ ‘ಐ ವಿಶ್ ಇಟ್ ವುಡ್ ರೇನ್’ ಇದೆ, ‘ಕ್ಲೌಡ್ ನೈನ್’ ಇದೆ, ‘ಬಾಲ್ ಆಫ್ ಕನ್‌ಫ್ಯೂಷನ್’ ಇದೆ. ಆದರೆ 1970ಕ್ಕೆ ಮುಗಿದುಹೋಗುವುದರಿಂದ ‘ಜಸ್ಟ್ ಮೈ ಇಮ್ಯಾಜಿನೇಷನ್’ ಮತ್ತು ‘ಪಾಪಾ’ ಎರಡೂ ತಪ್ಪಿಹೋಗುತ್ತವೆ. ಕೆಂಡ್ರಿಕ್ಸ್ ಗುಂಪು ಬಿಡುವ ಹೊತ್ತಿನಲ್ಲಿ ಹಾಡಿದ್ದು ‘ಜಸ್ಟ್ ಮೈ ಇಮ್ಯಾಜಿನೇಷನ್’. ಅದಿಲ್ಲದ ಸಂಕಲನಕ್ಕೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಇಡೀ ಹಾಡಿನಲ್ಲಿ ಎಲ್ಲೂ ದನಿ ಏರಿಸುವುದಿಲ್ಲ, ಆದರೂ ಒಂದು ಕ್ಷಣ ಗಮನ ಆಚೆ ಹೋಗುವುದಿಲ್ಲ.

ವನಜ_ವಯಲಿನ್:
‘ಪಾಪಾ’ ವಿಷಯದಲ್ಲಿ ಯಾವ ಸಂಕಲನವೂ ನನಗೆ ತೃಪ್ತಿ ಕೊಟ್ಟಿಲ್ಲ. 1972ರ ‘ಆಲ್ ಡೈರೆಕ್ಷನ್ಸ್’ ಎಲ್‌ಪಿಯಲ್ಲಿ ಅದು ಹತ್ತಿರ ಹತ್ತಿರ ಹನ್ನೆರಡು ನಿಮಿಷ. ಮೊದಲ ಸಾಲು ಹಾಡುವುದೇ ನಾಲ್ಕು ನಿಮಿಷ ಆಗುತ್ತಾ ಬಂದಾಗ. ಅಲ್ಲಿಯವರೆಗೆ ಬೇಸ್, ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ), ತಂತಿವಾದ್ಯ, ಟ್ರಂಪೆಟ್ ಅಷ್ಟೇ. ಇಡೀ ಹಾಡು ಒಂದೇ ಕಾರ್ಡ್ ಮೇಲೆ ನಿಂತಿದೆ. ತಂಬೂರಿ ಶ್ರುತಿ ಕೇಳಿ ಬೆಳೆದ ಕಿವಿಗೆ ಇದು ಕಷ್ಟ ಅನಿಸುವುದಿಲ್ಲ, ತುಂಬಾ ಆಪ್ತ ಅನಿಸುತ್ತದೆ. ಸಿಂಗಲ್‌ನಲ್ಲಿ (ಬದಿಗೊಂದು ಹಾಡಿನ ಚಿಕ್ಕ ತಟ್ಟೆ) ಇದನ್ನು ಏಳು ನಿಮಿಷಕ್ಕೆ ಕತ್ತರಿಸಿದರು. ಕೆಲವು ಸಂಕಲನಗಳಲ್ಲಿ ಅದಕ್ಕಿಂತಲೂ ಮೊಟಕು. ಕಾಯಿಸುವುದೇ ಈ ಹಾಡಿನ ಬಲ. ಆ ಕಾಯುವಿಕೆ ತೆಗೆದರೆ ತಂದೆ ಯಾರು ಹೇಗಿದ್ದ ಅಂತ ತಾಯಿಯನ್ನು ಕೇಳುವ ಮಕ್ಕಳ ಪ್ರಶ್ನೆಗೆ ಭಾರವೇ ಬರುವುದಿಲ್ಲ.

ರಾತ್ರಿಪಾಳಿ:
ಹನ್ನೆರಡು ನಿಮಿಷದ್ದು ಈಗ ಕೇಳಿದೆ. ಮಧ್ಯೆ ನಿಲ್ಲಿಸಲು ಆಗಲಿಲ್ಲ. ಇದನ್ನು ಪಟ್ಟಿಯಲ್ಲಿ ಬೇರೆ ಹಾಡುಗಳ ನಡುವೆ ಹಾಕಿದರೆ ಕೆಡುತ್ತದೆ ಅನ್ನುವುದು ಗೊತ್ತಾಗುತ್ತದೆ. ಇದೊಂದಕ್ಕೆ ಎಲ್‌ಪಿಯೇ ಸರಿ.

ಹಳೇಎಲ್‌ಪಿ:
ನೋಡಿ, ನೀವೇ ನನ್ನ ಕಡೆಗೆ ಬರುತ್ತಿದ್ದೀರಿ. 1970ರ ನಂತರದ ಟೆಂಪ್ಟೇಷನ್ಸ್ ಇಡೀ ಎಲ್‌ಪಿಗಾಗಿ ಹಾಡಿದವರು, ಅವರನ್ನು ಕತ್ತರಿಸಿ ಸಂಕಲನಕ್ಕೆ ತುಂಬಿದರೆ ಅನ್ಯಾಯ. 1966ರವರೆಗಿನವರು ಮೂರು ನಿಮಿಷದ ಸಿಂಗಲ್‌ಗಾಗಿ ಹಾಡಿದವರು. ಸಂಕಲನ ಅನ್ನುವುದು ಹೇಳಿ ಮಾಡಿಸಿದಂತೆ ಹೊಂದುವುದು ಅವರಿಗೇ. ಅದಕ್ಕೇ ಅದೊಂದು ಸಂಕಲನ, ಜೊತೆಗೆ ‘ಆಲ್ ಡೈರೆಕ್ಷನ್ಸ್’. ಎರಡೇ ಎಲ್‌ಪಿ.

ಮಿಷಿಗನ್‌ವಾಸಿ:
ಕೇಳಿದ್ದು ಒಂದು ಸಂಕಲನ, ನೀವು ಎರಡು ಎಲ್‌ಪಿ ಹೇಳುತ್ತಿದ್ದೀರಿ. ನಡುವಿನ ‘ಐ ಕಾಂಟ್ ಗೆಟ್ ನೆಕ್ಸ್ಟ್ ಟು ಯೂ’ ಎಲ್ಲಿಗೆ ಹೋಯಿತು? ‘ಐ ವಿಶ್ ಇಟ್ ವುಡ್ ರೇನ್’ನಲ್ಲಿ ರಫಿನ್ ಅಳುವನ್ನು ಮಳೆಯಲ್ಲಿ ಮರೆಸಲು ಒದ್ದಾಡುವುದು? ನಾನು ‘ಆಂಥಾಲಜಿ’ ಬಿಡುವುದಿಲ್ಲ. ಇನ್ನೂ ಬೇಕು ಅನಿಸಿದವರಿಗೆ 1994ರ ಐದು ಸಿಡಿಗಳ ‘ಎಂಪರರ್ಸ್ ಆಫ್ ಸೋಲ್’ ಇದ್ದೇ ಇದೆ. ಆದರೆ ಅದರಿಂದ ಶುರು ಮಾಡಬೇಡಿ, ಮುಳುಗಿಹೋಗುತ್ತೀರಿ.

ತುಂಗಾತೀರ:
‘ಆಂಥಾಲಜಿ’ ಎರಡು ಸಿಡಿಯದ್ದು ತೆಗೆದುಕೊಳ್ಳುತ್ತೇನೆ. ಮೋಟೌನ್ ಲೇಬಲ್ ನೋಡಿಯೇ. ‘ಪಾಪಾ’ ಪೂರ್ತಿ ಕೇಳಲು ‘ಆಲ್ ಡೈರೆಕ್ಷನ್ಸ್’ ಎಲ್‌ಪಿ ಹುಡುಕುತ್ತೇನೆ. ಹಳೇಎಲ್‌ಪಿ ಅವರೇ, 1966ರದ್ದರಲ್ಲಿ ಬೇರೆ ಯಾರೂ ಎತ್ತದ ಒಂದು ಹಾಡು ಹೇಳಿ, ಅದನ್ನು ಇವತ್ತೇ ಕೇಳುತ್ತೇನೆ.

ಹಳೇಎಲ್‌ಪಿ:
‘ಡೋಂಟ್ ಲುಕ್ ಬ್ಯಾಕ್’. 1965ರ ‘ಮೈ ಬೇಬಿ’ ಸಿಂಗಲ್‌ನ ಹಿಂಬದಿಯಲ್ಲಿ ಬಂದದ್ದು. ಹಾಡಿದವರು ಪಾಲ್ ವಿಲಿಯಮ್ಸ್. ಗುಂಪಿನ ಕುಣಿತಕ್ಕೆ ಮೊದಲ ರೂಪ ಕೊಟ್ಟವರೂ ಅವರೇ. ರಫಿನ್, ಕೆಂಡ್ರಿಕ್ಸ್ ಹೆಸರಿನ ನಡುವೆ ಅವರನ್ನು ಜನ ಮರೆಯುತ್ತಾರೆ. 1971ರಲ್ಲಿ ಆರೋಗ್ಯ ಕೆಟ್ಟು ಗುಂಪು ಬಿಟ್ಟರು, 1973ರಲ್ಲಿ ತೀರಿಕೊಂಡರು. ಮೋನೋ ಸಿಕ್ಕರೆ ಮೋನೋದಲ್ಲೇ ಕೇಳಿ.